ಮಳೆ ಪುಸ್ತಕ ಬ್ಲಾಗಾದ ಬಗೆ

ನಮ್ಮ ಜಗಲಿಯ ಬೆಂಚಿನ ಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇರುತ್ತದೆ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. 1989ರಿಂದ ಮಾವ ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದ ರೈನ್ ಗೇಜ್ (ಮಳೆ ಅಳೆಯುವ ಸಾಧನ) ನೋಡಿ ಅದರಲ್ಲಿ ಬರೆಯುತ್ತಾ ಬಂದಿದ್ದಾರೆ. ಮೂರು ಕಾಲಂ. ತಾರೀಕು, ಇಂಚು-ಸೆಂಟು, ಷರಾ. ನೂರು ಸೆಂಟಿಗೆ ಒಂದು ಇಂಚು. ಕೊಡಗಿನ ತೋಟದವರಿಗೆ ಈ ಲೆಕ್ಕ ಬಾಯಲ್ಲೇ ಇರುತ್ತದೆ, ಟಿವಿಯವರು ಮಿಲಿಮೀಟರ್ ಅಂದರೂ ನಾವು ಮನಸ್ಸಿನಲ್ಲಿ ಸೆಂಟಿಗೆ ತಿರುಗಿಸಿಕೊಳ್ಳುತ್ತೇವೆ. ಷರಾ ಕಾಲಂನಲ್ಲಿ ಮಾವ ಒಂದೊಂದೇ ಮಾತು ಬರೆಯುತ್ತಾರೆ: 'ಹೂಮಳೆ' (ಕಾಫಿ ಹೂ ಅರಳಿಸುವ ಮಳೆ), 'ಮರಗಸಿ ಶುರು' (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ), 'ಕರೆಂಟಿಲ್ಲ ಆರನೇ ದಿನ', 'ಸಿಲ್ವರ್ ಮರ ಬಿತ್ತು'.

ಮಳೆಗಾಲ ಬಂತೆಂದರೆ ರಾತ್ರಿ ಊಟದ ಹೊತ್ತಿಗೆ ಫೋನು ಶುರು. ಸಿದ್ದಾಪುರದಿಂದ ನಾದಿನಿ, ಗೋಣಿಕೊಪ್ಪದಿಂದ ಚಿಕ್ಕಮಾವ, ಮೈಸೂರಿನಿಂದ ಮೈದುನ. ಎಲ್ಲರದ್ದೂ ಒಂದೇ ಪ್ರಶ್ನೆ, 'ಎಷ್ಟು ಸೆಂಟು?' ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಗುಡ್ ಮಾರ್ನಿಂಗ್ ಹೂವುಗಳ ಅಡಿಗೆ ಹೋಗಿಬಿಡುತ್ತದೆ, ಹೋದ ವರ್ಷದ ಮಾರ್ಚ್‌ನಲ್ಲಿ ಎಷ್ಟಿತ್ತು ಅಂತ ಕೇಳಿದರೆ ಹುಡುಕಿ ತೆಗೆಯಲಾಗುವುದಿಲ್ಲ. ಅಷ್ಟರಲ್ಲಿ 1991ರ ಪುಸ್ತಕದ ಅಂಚನ್ನು ಬೆಳ್ಳಿಹುಳು ತಿಂದದ್ದು ಕಣ್ಣಿಗೆ ಬಿತ್ತು. ಆವತ್ತೇ ಮನಸ್ಸು ಮಾಡಿದೆ, ಈ ಪುಸ್ತಕಗಳನ್ನು ಬ್ಲಾಗ್ ಮಾಡಬೇಕು, ಇಂದಿನ ಮಳೆಯನ್ನೂ ಅಲ್ಲೇ ಬರೆಯಬೇಕು.

ನನಗೆ ಕಂಪ್ಯೂಟರ್ ಹೊಸದಲ್ಲ. ಮದುವೆಗೆ ಮುಂಚೆ ಕಚೇರಿಯೊಂದರಲ್ಲಿ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಅಭ್ಯಾಸವಿದೆ. ಬ್ಲಾಗ್ ಮಾತ್ರ ಹೊಸದು. ಏಪ್ರಿಲ್‌ನಿಂದ ಈ ಪುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬದವರೆಗೆ ಏನೇನು ಮಾಡಿದೆ, ಎಲ್ಲೆಲ್ಲಿ ಕೆಟ್ಟಿತು, ಹೇಗೆ ಸರಿಯಾಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನನ್ನಂತೆ ಮನೆಯಲ್ಲಿ ಒಂದು ಹಳೇ ಪುಸ್ತಕ ಇಟ್ಟುಕೊಂಡು ಯೋಚಿಸುತ್ತಿರುವವರಿಗೆ ಉಪಯೋಗಕ್ಕೆ ಬರಲಿ.

ಏಪ್ರಿಲ್: ಜಾಗ ಹುಡುಕಿದ್ದು

ಮೈದುನನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. 'ದೊಡ್ಡಮ್ಮ, ಹ್ಯೂಗೋದಲ್ಲಿ ಮಾಡಿ ಗಿಟ್‌ಹಬ್‌ಗೆ ಹಾಕಿಬಿಡಿ, ಖರ್ಚಿಲ್ಲ, ವೇಗವಾಗಿ ತೆರೆಯುತ್ತದೆ' ಅಂದ. ಹ್ಯೂಗೋ ಅಂದರೆ ಸಾದಾ ಫೈಲುಗಳಿಂದ ವೆಬ್ ಪುಟ ಕಟ್ಟುವ ಸಾಫ್ಟ್‌ವೇರ್, ಗಿಟ್‌ಹಬ್ ಅವನ್ನು ಇಡುವ ಜಾಗ. ಅವನು ಹೇಳಿದ್ದು ನಿಜ. ಆ ದಾರಿಯಲ್ಲಿ ಬರಹಗಳೆಲ್ಲ ಸಾದಾ ಫೈಲುಗಳಾಗಿ ನಮ್ಮ ಕೈಯಲ್ಲೇ ಇರುತ್ತವೆ, ಕೆಡುವುದಕ್ಕೆ ಡೇಟಾಬೇಸ್ ಅನ್ನುವುದೇ ಇಲ್ಲ. ಆದರೆ ಪ್ರತಿ ಸಲವೂ ಲ್ಯಾಪ್‌ಟಾಪ್ ತೆರೆಯಬೇಕು, ಕಮಾಂಡ್ ಕೊಡಬೇಕು. ಜುಲೈನಲ್ಲಿ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಇರುವ ದಿನಗಳೇ ಕಮ್ಮಿ.

ಸ್ವಂತ ಹೋಸ್ಟಿಂಗ್ ತೆಗೆದುಕೊಂಡು ವರ್ಡ್‌ಪ್ರೆಸ್ ಹಾಕುವ ಬಗ್ಗೆಯೂ ಓದಿದೆ. 2003ರಿಂದ ಇರುವ ಗಟ್ಟಿ ಸಾಫ್ಟ್‌ವೇರ್, ಬೇಕಾದ್ದನ್ನೆಲ್ಲ ಮಾಡಬಹುದು. ಆದರೆ ಅದಕ್ಕೆ ಸೇರಿಸುವ ಪುಟ್ಟ ಸಾಫ್ಟ್‌ವೇರ್‌ಗಳಾದ ಪ್ಲಗಿನ್‌ಗಳನ್ನು ಆಗಾಗ ಅಪ್‌ಡೇಟ್ ಮಾಡುತ್ತಿರಬೇಕು, ಮಾಡದಿದ್ದರೆ ಕಳ್ಳದಾರಿ ತೆರೆದಿಟ್ಟಂತೆ. ವರ್ಷಕ್ಕೊಮ್ಮೆ ಹಣ ಕಟ್ಟುವುದು ಮರೆತರೆ ಬ್ಲಾಗೇ ಕಾಣೆಯಾಗುತ್ತದೆ. ಮಳೆಗಾಲದ ಮೂರು ತಿಂಗಳು ಅದನ್ನು ನೋಡಿಕೊಳ್ಳುತ್ತೇನೆ ಅನ್ನುವ ಧೈರ್ಯ ನನಗೆ ಬರಲಿಲ್ಲ.

ಕೊನೆಗೆ ಬ್ಲಾಗರ್ ಆರಿಸಿಕೊಂಡೆ. 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಕೈಗೆ ಬಂದ ಹಳೇ ಸೇವೆ ಅದು. ಜಿಮೇಲ್ ಖಾತೆ ಇದ್ದರೆ ಸಾಕು, ಬ್ಲಾಗ್‌ಸ್ಪಾಟ್ ವಿಳಾಸ ಪುಕ್ಕಟೆ, ಫೋನಿನ ಬ್ರೌಸರಿನಿಂದಲೂ ಬರೆಯಬಹುದು, ಬರೆದದ್ದನ್ನೆಲ್ಲ ಇಳಿಸಿಕೊಂಡು ಬೇರೆ ಕಡೆಗೆ ಒಯ್ಯಬಹುದು. ಈ ಕೊನೆಯದೇ ನನಗೆ ಮುಖ್ಯ. ಹೊಸಬರು ಯಾವ ಜಾಗ ಆರಿಸಿದರೂ ಮೊದಲ ದಿನವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಾಳೆ ಇಲ್ಲಿಂದ ಎದ್ದು ಹೋಗಬೇಕಾದರೆ ನನ್ನ ಬರಹ ನನ್ನ ಜೊತೆ ಬರುತ್ತದೆಯೇ?

ವಿಳಾಸ ಆರಿಸಲು ಒಂದು ವಾರ ತೆಗೆದುಕೊಂಡೆ, ಅಷ್ಟು ಬೇಕಿತ್ತು. ಬ್ಲಾಗ್‌ಸ್ಪಾಟ್ ವಿಳಾಸದಲ್ಲಿ ಕನ್ನಡ ಅಕ್ಷರ ಹಿಡಿಸುವುದಿಲ್ಲ, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ. ಫೋನಿನಲ್ಲಿ ಬಾಯಲ್ಲಿ ಹೇಳಿದರೆ ಗೋಣಿಕೊಪ್ಪದ ಚಿಕ್ಕಮಾವ ತಪ್ಪಿಲ್ಲದೆ ಬರೆದುಕೊಳ್ಳಬೇಕು, ಅದು ನಾನಿಟ್ಟ ಪರೀಕ್ಷೆ. ಮೊದಲ ಎರಡು ಹೆಸರು ಅದರಲ್ಲಿ ಬಿದ್ದುಹೋದವು. ಮನೆತನದ ಹೆಸರನ್ನೂ ಊರಿನ ಹೆಸರನ್ನೂ ವಿಳಾಸದಲ್ಲಿ ಹಾಕಲಿಲ್ಲ. ಅದರ ಕಾರಣ ಮುಂದೆ ಹೇಳುತ್ತೇನೆ.

ಮೇ: ಒಂದು ದಿನ ಹಿಂದೆ ಓಡುವ ಬ್ಲಾಗ್

ಮೊದಲ ಬರಹ ಹಾಕಿದ್ದು ಮೇ 4ರ ಬೆಳಿಗ್ಗೆ ಎಂಟೂವರೆಗೆ. ಹಿಂದಿನ ಸಂಜೆ ಗುಡುಗಿನೊಂದಿಗೆ ಬಂದ ಮಳೆ, 62 ಸೆಂಟು. ಪ್ರಕಟಿಸಿ ನೋಡಿದರೆ ತಾರೀಕು ಮೇ 3 ಅಂತ ತೋರಿಸುತ್ತಿದೆ. ಮಾವನಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, 'ಮಳೆ ಬಂದದ್ದು ಮೂರಕ್ಕೇ ಅಲ್ವೇನಮ್ಮ, ಸರಿಯಾಗೇ ಇದೆ' ಅಂದರು.

ಸರಿಯಾಗಿರಲಿಲ್ಲ. ಇಲ್ಲಿ ಎರಡು ಸಂಗತಿ ಒಂದರೊಳಗೊಂದು ಸೇರಿಕೊಂಡಿದ್ದವು. ಮಳೆ ಲೆಕ್ಕದಲ್ಲಿ ನಾಲ್ಕನೇ ತಾರೀಕು ಬೆಳಿಗ್ಗೆ ಅಳೆದದ್ದು ನಾಲ್ಕರ ಲೆಕ್ಕ. ಹವಾಮಾನ ಇಲಾಖೆಯವರೂ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳ ಮಳೆಯನ್ನೇ ಆ ದಿನದ ಮಳೆ ಅಂತ ಬರೆಯುತ್ತಾರೆ. ಮಾವನ ಪುಸ್ತಕದಲ್ಲೂ 62 ಸೆಂಟು ನಾಲ್ಕನೇ ತಾರೀಕಿನ ಎದುರಿಗೇ ಇತ್ತು. ಹಾಗಾದರೆ ಬ್ಲಾಗಿನ ಮೂರು ಎಲ್ಲಿಂದ ಬಂತು? ಸೆಟ್ಟಿಂಗ್ಸ್ ಒಳಗೆ ಹುಡುಕಿದಾಗ ಸಿಕ್ಕಿತು. ನನ್ನ ಬ್ಲಾಗಿನ ಟೈಮ್ ಝೋನ್ ಅಮೆರಿಕದ ಪೆಸಿಫಿಕ್ ಸಮಯಕ್ಕೆ ನಿಂತಿತ್ತು. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನಮ್ಮ ಬೆಳಿಗ್ಗೆ ಎಂಟೂವರೆ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು. ಕೋಲ್ಕತಾ, ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ಅನ್ನುವುದನ್ನು ಆರಿಸಿ ಉಳಿಸಿದೆ, ತಾರೀಕು ಸರಿಹೋಯಿತು.

ಬೇರೆ ಬ್ಲಾಗಿನಲ್ಲಿ ಇದು ಸಣ್ಣ ಸಂಗತಿ. ಮಳೆ ಲೆಕ್ಕದಲ್ಲಿ ಒಂದು ದಿನ ಆಚೆ ಈಚೆಯಾದರೆ ತಿಂಗಳ ಮೊತ್ತವೇ ತಪ್ಪುತ್ತದೆ. ಬ್ಲಾಗ್ ತೆರೆದವರು ಬಣ್ಣ, ಚಿತ್ರ ಅಂತ ಹೋಗುವ ಮೊದಲು ಟೈಮ್ ಝೋನ್ ಒಂದು ನೋಡಿಕೊಳ್ಳಲಿ.

ಎರಡನೆಯ ತೊಂದರೆ ಕೊಂಡಿಯದ್ದು. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ತಾನಾಗಿ ಮಾಡುವ ವಿಳಾಸದಲ್ಲಿ ಕನ್ನಡ ಅಕ್ಷರಗಳೆಲ್ಲ ಉದುರಿ, ಬರೀ 'ಬ್ಲಾಗ್-ಪೋಸ್ಟ್' ಅಂತ ಇಂಗ್ಲಿಷಿನಲ್ಲಿ ಉಳಿಯುತ್ತದೆ, ಮುಂದಿನದ್ದಕ್ಕೆ ಅದೇ ಹೆಸರಿನ ಹಿಂದೆ ಒಂದು ಅಂಕಿ. ಹತ್ತು ಬರಹ ಆದ ಮೇಲೆ ಯಾವ ಕೊಂಡಿ ಯಾವುದರದ್ದು ಅಂತ ಗೊತ್ತೇ ಆಗುವುದಿಲ್ಲ. ಬರಹದ ಪಕ್ಕದ ಪಟ್ಟಿಯಲ್ಲಿ 'ಕಸ್ಟಮ್ ಪರ್ಮಾಲಿಂಕ್' ಅಂತ ಇದೆ. ಪ್ರಕಟಿಸುವ ಮುಂಚೆಯೇ ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಮಳೆ', ವರ್ಷ, ತಿಂಗಳು ಬರೆದುಬಿಡುತ್ತೇನೆ. ಒಮ್ಮೆ ಹತ್ತು ಜನರಿಗೆ ಕಳಿಸಿದ ಮೇಲೆ ವಿಳಾಸ ಬದಲಾಯಿಸಿದರೆ ಆ ಹತ್ತು ಕೊಂಡಿಯೂ ಸತ್ತಂತೆ.

ಲೇಬಲ್‌ಗಳಲ್ಲಿ (ಬರಹಗಳನ್ನು ವಿಷಯವಾರು ವಿಂಗಡಿಸುವ ಹೆಸರುಗಳು) ಇನ್ನೊಂದು ತಮಾಷೆ ಕಂಡೆ. 'ಮಳೆ' ಅಂತ ಲೇಬಲ್ ಕೊಟ್ಟು ಆ ಪುಟದ ಕೊಂಡಿಯನ್ನು ಕಳಿಸಿದರೆ ನಾದಿನಿಯ ಫೋನಿನಲ್ಲಿ ಶೇಕಡಾ ಚಿಹ್ನೆಗಳ ಸಾಲೇ ಬಂತು. ಮೈದುನನ ಮಗ ವಿವರಿಸಿದ. ಕಂಪ್ಯೂಟರಿಗೆ 'ಮಳೆ' ಅಂದರೆ ಮೂರು ಸಂಕೇತ: ಮ, ಳ, ಎತ್ವ. ಕಂಪ್ಯೂಟರ್ ಅಕ್ಷರ ಉಳಿಸುವ ಪದ್ಧತಿಯಾದ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್. ಕೊಂಡಿಯಲ್ಲಿ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ. ಲೆಕ್ಕ ಹಾಕಿದರೆ ಎರಡಕ್ಷರದ ಮಳೆಗೆ 27 ಅಕ್ಷರ! ಕೊಂಡಿ ಕೆಲಸವೇನೋ ಮಾಡುತ್ತದೆ, ನೋಡಿದವರು ವೈರಸ್ ಅಂದುಕೊಂಡು ಒತ್ತುವುದಿಲ್ಲ. ಆದರೂ ಲೇಬಲ್‌ಗಳನ್ನು ಕನ್ನಡದಲ್ಲೇ ಉಳಿಸಿಕೊಂಡೆ, ಓದುವವರು ಪುಟದಲ್ಲಿ ಕಾಣುವುದು ಕನ್ನಡವನ್ನು. ಹಂಚುವಾಗ ಮಾತ್ರ ಬರಹದ ಕೊಂಡಿಯನ್ನೇ ಹಂಚುತ್ತೇನೆ. ಲೇಬಲ್ ನಾಲ್ಕೇ: ಮಳೆ, ತೋಟ, ಹಳೇ ಪುಸ್ತಕ, ತಿದ್ದುಪಡಿ. ಶುರುವಿನಲ್ಲಿ ಹದಿನೇಳು ಇದ್ದವು, ಅರ್ಧಕ್ಕರ್ಧ ಒಂದೇ ಸಲ ಬಳಸಿದ್ದವು.

ಪುತ್ತರಿ 'ಪುತರಿ' ಆದದ್ದು

ಥೀಮ್, ಅಂದರೆ ಬ್ಲಾಗಿನ ವಿನ್ಯಾಸ ಆರಿಸುವಾಗ ಕಣ್ಣಿಗೆ ಚೆಂದ ಕಂಡದ್ದನ್ನೇ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿತ್ತು. ಅವ್ವ ತನ್ನ ಫೋನಿನಲ್ಲಿ ತೆರೆದು, 'ಇದೇನು ಪುತರಿ, ಕಕಡ ಅಂತ ಬರೆದಿದ್ದೀ' ಅಂತ ಫೋನ್ ಮಾಡಿದರು. ನಾನು ಬರೆದದ್ದು ಪುತ್ತರಿ, ಕಕ್ಕಡ (ನಮ್ಮ ಮಳೆಗಾಲದ ಒಂದು ತಿಂಗಳು). ಶೀರ್ಷಿಕೆಯ ಸಾಲಿನಲ್ಲಿ ಕೆಳಗಿನ ಒತ್ತುಗಳೆಲ್ಲ ಕತ್ತರಿಸಿ ಹೋಗಿದ್ದವು.

ಕಾರಣ ಇಷ್ಟು. ಇಂಗ್ಲಿಷಿಗೆ ಮಾಡಿದ ಥೀಮಿನಲ್ಲಿ ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಮಾತ್ರ ಇತ್ತು, ಅದರಾಚೆ ಹೋದದ್ದನ್ನು ಮರೆಮಾಡು ಅಂತಲೂ ಹೇಳಿತ್ತು. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು, 'ರಾಷ್ಟ್ರ' ಅನ್ನುವಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಥೀಮ್, ಕಸ್ಟಮೈಸ್, ಅಡ್ವಾನ್ಸ್‌ಡ್, ಅಲ್ಲಿ ಕೊನೆಗೆ 'ಆಡ್ ಸಿಎಸ್ಎಸ್' ಅಂತ, ಪುಟದ ರೂಪ ತಿದ್ದುವ ಸೂಚನೆ ಬರೆಯಲು ಒಂದು ಖಾಲಿ ಪೆಟ್ಟಿಗೆ. ಅದರಲ್ಲಿ ಸಾಲಿನ ಎತ್ತರಕ್ಕೆ ಲೈನ್-ಹೈಟ್ 1.8 ಅಂತ ಬರೆದೆ, ಶೀರ್ಷಿಕೆಗೆ 1.5. ಅಕ್ಷರಗಳ ನಡುವಿನ ಅಂತರ, ಲೆಟರ್-ಸ್ಪೇಸಿಂಗ್, ಸೊನ್ನೆ ಮಾಡಿದೆ, ಇಲ್ಲದಿದ್ದರೆ ಕನ್ನಡದ ಪದ ಹಲ್ಲುದುರಿದಂತೆ ಕಾಣುತ್ತದೆ. ಓರೆ ಅಕ್ಷರ ತೆಗೆದೆ. ಕನ್ನಡಕ್ಕೆ ಓರೆ ಅಕ್ಷರದ ರೂಢಿಯೇ ಇಲ್ಲ, ಬ್ರೌಸರ್ ಸುಮ್ಮನೆ ವಾಲಿಸಿಬಿಡುತ್ತದೆ. ಫಾಂಟ್ ನೋಟೋ ಸಾನ್ಸ್ ಕನ್ನಡ. ಬದಲಾಯಿಸುವ ಮುಂಚೆ ಥೀಮಿನ ಬ್ಯಾಕಪ್ ಇಳಿಸಿಟ್ಟುಕೊಂಡಿದ್ದೆ, ಮೂರು ಸಲ ಅದರಿಂದಲೇ ಹಿಂದಕ್ಕೆ ಹೋಗಬೇಕಾಯಿತು.

ಆಮೇಲೆ ಮಾಡಿಕೊಂಡ ಒಂದು ಪರೀಕ್ಷಾ ಸಾಲಿದೆ, ಥೀಮಿಗೆ ಕೈ ಹಾಕಿದಾಗಲೆಲ್ಲ ಇದನ್ನು ಶೀರ್ಷಿಕೆಯಲ್ಲಿ ಹಾಕಿ ಅವ್ವನ ಫೋನಿನಲ್ಲಿ ನೋಡುತ್ತೇನೆ: 'ಪುತ್ತರಿ, ಕಕ್ಕಡ, ಸಂಕ್ರಮಣ, ರಾಷ್ಟ್ರ, ಸೂರ್ಯ'. ಇಷ್ಟು ಸರಿಯಾಗಿ ಕಂಡರೆ ಉಳಿದದ್ದೂ ಕಾಣುತ್ತದೆ.

ಜೂನ್: ಹುಡುಕಿದರೆ ಸಿಗದ ಇಂಚು

ಕಚೇರಿ ಬಿಟ್ಟ ಮೇಲೆ ಕೆಲವು ವರ್ಷ ಮಾವನ ಷರಾಗಳನ್ನು ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದೆ. ಅದು ಹಳೇ ಕಾಲದ ಫಾಂಟು, ಒಳಗಿರುವುದು ಇಂಗ್ಲಿಷ್ ಸಂಕೇತಗಳೇ, ಮೇಲೆ ಕನ್ನಡದ ವೇಷ. ಹಾಗೇ ಬ್ಲಾಗಿಗೆ ಅಂಟಿಸಿದರೆ ತಲೆಯ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಪರಿವರ್ತಕದಲ್ಲಿ ಹಾಕಿ, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಮಾಡಿಕೊಂಡೆ. ನಂತರ ಸಾಲು ಸಾಲಾಗಿ ಓದಿ ನೋಡಲೇಬೇಕು, ಅರ್ಕಾವತ್ತು ಇರುವಲ್ಲೆಲ್ಲ ನಿಂತು ನೋಡಬೇಕು. ಪರಿವರ್ತನೆ ಆಯಿತು ಅಂತ ನಂಬಿ ಹಾಗೇ ಪ್ರಕಟಿಸುವವರಿಗೆ ನನ್ನ ಕಳಕಳಿಯ ಮಾತು, ದಯವಿಟ್ಟು ಓದಿ.

ಓದಿಯೂ ನನಗೆ ಸಿಗದ ತಪ್ಪೊಂದಿತ್ತು. ಬ್ಲಾಗಿನ ಹುಡುಕು ಪೆಟ್ಟಿಗೆಯಲ್ಲಿ 'ಇಂಚು' ಅಂತ ಹಾಕಿದರೆ ಮೇ ನಂತರದ ಬರಹ ಮಾತ್ರ ಬರುತ್ತಿತ್ತು, ಹಳೇ ಪುಸ್ತಕದ ಪುಟಗಳು ಒಂದೂ ಬರುತ್ತಿರಲಿಲ್ಲ. ಕಣ್ಣಿಗೆ ಎರಡರಲ್ಲೂ ಇಂಚು ಇಂಚೇ. ಎರಡು ಸಂಜೆ ಇದಕ್ಕೇ ಹೋಯಿತು. ಕೊನೆಗೆ ಬ್ಯಾಕ್‌ಸ್ಪೇಸ್ ಒತ್ತಿ ಒಂದೊಂದೇ ಅಕ್ಷರ ಅಳಿಸಿ ಮತ್ತೆ ಟೈಪ್ ಮಾಡಿದಾಗ ಗೊತ್ತಾಯಿತು. ಹಳೆಯದರಲ್ಲಿ 'ಇ೦ಚು' ಅಂತ ಇತ್ತು, ಅಂದರೆ ಇ ಆದ ಮೇಲೆ ಇದ್ದದ್ದು ಅನುಸ್ವಾರವಲ್ಲ, ಕನ್ನಡ ಅಂಕಿಯ ಸೊನ್ನೆ. ನೋಡಲು ಎರಡೂ ಒಂದೇ ಉಂಗುರ. ಕಂಪ್ಯೂಟರಿಗೆ ಒಂದು ಅಕ್ಷರ, ಇನ್ನೊಂದು ಅಂಕಿ. ಗೂಗಲ್‌ನಲ್ಲಿ ಹುಡುಕುವವರೂ 'ಇಂಚು' ಅಂತಲೇ ಹುಡುಕುತ್ತಾರೆ, ಸೊನ್ನೆ ಹಾಕಿ ಹುಡುಕುವವರು ಯಾರು?

ಸರಿಮಾಡಿದ್ದು ಹೀಗೆ. ಬರಹವನ್ನೆಲ್ಲ ನೋಟ್‌ಪ್ಯಾಡಿಗೆ ತಂದೆ, ಕನ್ನಡ ಸೊನ್ನೆ ಇರುವಲ್ಲೆಲ್ಲ ಅನುಸ್ವಾರ ಹಾಕು ಅಂತ ಒಂದೇ ಸಲ ಬದಲಾಯಿಸಿದೆ. ನಾನು ಅಂಕಿಗಳನ್ನು 1, 2, 3 ಅಂತಲೇ ಬರೆಯುವುದರಿಂದ ಅಡ್ಡಿಯಾಗಲಿಲ್ಲ. ಕನ್ನಡ ಅಂಕಿ ಬಳಸುವವರು ಹೀಗೆ ಕಣ್ಣು ಮುಚ್ಚಿ ಬದಲಾಯಿಸಿದರೆ ಹತ್ತರ ಸೊನ್ನೆಯೂ ಅನುಸ್ವಾರವಾಗಿ ಕೂತುಕೊಳ್ಳುತ್ತದೆ, ಒಂದೊಂದೇ ನೋಡಿ ಬದಲಾಯಿಸಬೇಕು.

ಇದರ ಜೊತೆಗೇ ಕಲಿತದ್ದು, 'ಬ್ಲಾಗ್‌ನಲ್ಲಿ' ಅಂತ ಬರೆಯಲು ಹೋದರೆ ಗ ಮತ್ತು ನ ಅಂಟಿಕೊಂಡು 'ಬ್ಲಾಗ್ನಲ್ಲಿ' ಆಗುವುದು. ನಡುವೆ ಕಣ್ಣಿಗೆ ಕಾಣದ ಒಂದು ತಡೆ ಹಾಕಬೇಕು, ಕೀಬೋರ್ಡುಗಳಲ್ಲಿ ಅದಕ್ಕೊಂದು ಗುಂಡಿ ಇರುತ್ತದೆ. ನಾನು ಎಷ್ಟೋ ಕಡೆ ಸುಮ್ಮನೆ 'ಬ್ಲಾಗಿನಲ್ಲಿ' ಅಂತ ಬರೆದುಬಿಡುತ್ತೇನೆ. ಕೇಳಲೂ ಅದೇ ಹಿತ.

ಜೂನ್ ಮೂರನೇ ವಾರದಲ್ಲಿ ಒಂದು ದೊಡ್ಡ ಬರಹ ಹೋಯಿತು. ಮರಗಸಿಯ ಬಗ್ಗೆ, ಎಷ್ಟು ನೆರಳು ತೆಗೆಯಬೇಕು, ಎಷ್ಟು ಬಿಡಬೇಕು ಅಂತ ಮಾವ ಹೇಳುತ್ತಾ ಹೋದರು, ನಾನು ನೇರವಾಗಿ ಬ್ರೌಸರಿನಲ್ಲೇ ಟೈಪ್ ಮಾಡುತ್ತಾ ಹೋದೆ. ಒಂದೂವರೆ ಗಂಟೆ. ನಡುವೆ ನೆಟ್‌ವರ್ಕ್ ಹೋದದ್ದು ಗಮನಕ್ಕೆ ಬರಲಿಲ್ಲ. ಪ್ರಕಟಿಸು ಒತ್ತಿದೆ, ಆಗಲಿಲ್ಲ, ಪುಟವನ್ನು ರಿಫ್ರೆಶ್ ಮಾಡಿದೆ. ಮೊದಲ ನಾಲ್ಕು ಸಾಲು ಮಾತ್ರ ಉಳಿದಿತ್ತು. ಮಾವ 'ಹೋಗಲಿ ಬಿಡಮ್ಮ, ನಾಳೆ ಹೇಳ್ತೀನಿ' ಅಂದರು. ಮರುದಿನ ಹೇಳಿದ್ದು ಬೇರೆಯೇ ಮಾತು, ಹಿಂದಿನ ದಿನದ ಆ ಮಾತುಗಳು ಮತ್ತೆ ಬರಲಿಲ್ಲ. ನನಗೆ ಈಗಲೂ ಅದು ನೋವು.

ಆವತ್ತಿನಿಂದ ಮೊದಲು ಫೋನಿನಲ್ಲಿ ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆಯುತ್ತೇನೆ, ನೆಟ್ ಇಲ್ಲದಿದ್ದರೂ ಅದು ಉಳಿಯುತ್ತದೆ. ಫೈಲಿನ ಹೆಸರು ವರ್ಷ, ತಿಂಗಳು, ದಿನ, ಇದೇ ಕ್ರಮದಲ್ಲಿ, ತಿಂಗಳಿಗೂ ದಿನಕ್ಕೂ ಎರಡೆರಡು ಅಂಕಿ. ಹಾಗಿಟ್ಟರೆ ಫೈಲುಗಳು ತಾವಾಗಿಯೇ ತಾರೀಕಿನ ಸಾಲಿನಲ್ಲಿ ನಿಲ್ಲುತ್ತವೆ. ಆಮೇಲೆ ಹಿತ್ತಿಲ ಪೇರಳೆ ಮರದ ಹತ್ತಿರ ಹೋಗಿ, ಅಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತದೆ, ನಕಲು ಮಾಡಿ ಅಂಟಿಸಿ ಪ್ರಕಟಿಸಿ ಬರುತ್ತೇನೆ. ಕೊಡೆ ಹಿಡಿಯಲು ಯಾರಾದರೂ ಬೇಕು.

ಜುಲೈ: 1-5 ಅಂದರೆ ಎಷ್ಟು

ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕೆಲಸವಿಲ್ಲ, ಹಳೇ ಪುಸ್ತಕಗಳನ್ನು ತುಂಬಲು ಒಳ್ಳೇ ಹೊತ್ತು. ಪುಟಗಳ ಫೋಟೋ ತೆಗೆದದ್ದು ಜಗಲಿಯ ಬೆಳಕಿನಲ್ಲಿ, ಬೆಳಿಗ್ಗೆ ಹತ್ತರ ಸುಮಾರಿಗೆ, ಫ್ಲ್ಯಾಶ್ ಇಲ್ಲದೆ. ಫ್ಲ್ಯಾಶ್ ಹಾಕಿದರೆ ಬಾಲ್‌ಪೆನ್ನಿನ ಅಕ್ಷರ ಮಿಂಚಿ ಅಳಿಸಿಹೋದಂತೆ ಕಾಣುತ್ತದೆ. ಫೋನಿನ ಒಂದು ಚಿತ್ರ ನಾಲ್ಕೈದು ಎಂಬಿ. ಅದನ್ನು 1,200 ಪಿಕ್ಸೆಲ್ ಅಗಲಕ್ಕೆ ಇಳಿಸಿ 200 ಕೆಬಿ ಒಳಗೆ ತಂದೆ. ಇಲ್ಲದಿದ್ದರೆ ನಮ್ಮ ಊರಿನವರೇ ನಮ್ಮ ಬ್ಲಾಗ್ ನೋಡಲಾಗುವುದಿಲ್ಲ. ದೊಡ್ಡ ಮೂಲ ಚಿತ್ರಗಳನ್ನು ಬೇರೆ ಇಟ್ಟಿದ್ದೇನೆ.

ಮಾರ್ಚ್ 1998ರ ಪುಟ ಹಾಕಿದ ದಿನ ಮಾವ ಟ್ಯಾಬ್ ಹಿಡಿದುಕೊಂಡು ಬಂದರು. 'ಇಲ್ಲಿ ಒಂದೂವರೆ ಇಂಚು ಅಂತ ಹಾಕಿದ್ದೀಯ. ಆ ವರ್ಷ ಹೂಮಳೆ ಒಂದೂವರೆ ಬರಲಿಲ್ಲಮ್ಮ, ಬಂದಿದ್ದರೆ ಸ್ಪ್ರಿಂಕ್ಲರ್ ಹಾಕೋ ಯೋಚನೆ ಯಾಕೆ ಮಾಡ್ತಿದ್ದೆ?'

ಪುಸ್ತಕದಲ್ಲಿ ಇದ್ದದ್ದು '1-5'. ನಾನು ಅದನ್ನು 1.5 ಅಂತ ಓದಿದ್ದೆ. ಮಾವನ ಲೆಕ್ಕದಲ್ಲಿ ಅದು ಒಂದು ಇಂಚು ಐದು ಸೆಂಟು, ಅಂದರೆ 1.05. ಮಿಲಿಮೀಟರಿಗೆ ತಿರುಗಿಸಿದರೆ 26.67 ಆಗಬೇಕಾದದ್ದು 38.1 ಆಗಿ ಕೂತಿತ್ತು. ರೋಬಸ್ಟಾ ಕಾಫಿಯ ಹೂವಿಗೆ ಒಂದು ಇಂಚಿನ ಆಸುಪಾಸು ಮಳೆ ಒಟ್ಟಿಗೆ ಬೀಳಬೇಕು, ಆಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಅಲ್ಲಿ 45 ಸೆಂಟಿನ ತಪ್ಪು ಅಂದರೆ ಆ ವರ್ಷದ ಕತೆಯೇ ಬೇರೆಯಾಗುತ್ತದೆ.

ಅಷ್ಟು ಹೊತ್ತಿಗೆ ಒಂಬತ್ತು ವರ್ಷಗಳ ಪುಸ್ತಕ ತುಂಬಿಸಿ ಆಗಿತ್ತು. ಎಲ್ಲವನ್ನೂ ಮತ್ತೆ ನೋಡಬೇಕಾಯಿತು. ಮಾವ ಪುಸ್ತಕ ಹಿಡಿದು ಓದುವುದು, ನಾನು ತಿದ್ದುವುದು. ಅವರು 'ಒಂದು ಇಂಚು ಐದು ಸೆಂಟು' ಅಂತ ಬಿಡಿಸಿ ಹೇಳುತ್ತಾರೆ, ನಾನು '1.05' ಅಂತ ಎರಡು ಅಂಕಿಯಲ್ಲೇ ಬರೆಯುತ್ತೇನೆ. ಹನ್ನೊಂದು ದಿನ ಹಿಡಿಯಿತು. ಹೀಗೆ ಗಟ್ಟಿಯಾಗಿ ಓದಿ ಹೇಳಿಸಿಕೊಳ್ಳುವುದನ್ನು ಮೊದಲ ಪುಟದಿಂದಲೇ ಮಾಡಬೇಕಿತ್ತು.

ತಿದ್ದಿದ ಮೇಲೆ ಒಂದು ಪ್ರಶ್ನೆ ಬಂತು. ಹಳೇ ತಪ್ಪನ್ನು ಸದ್ದಿಲ್ಲದೆ ಅಳಿಸಿಬಿಡುವುದೇ? ಚಿಕ್ಕಮಾವ ಆಗಲೇ 1.5 ಅಂತ ಬರೆದುಕೊಂಡು ಹೋಗಿದ್ದರು. ಮಾವನ ಪುಸ್ತಕದಲ್ಲಿ ತಪ್ಪಾದರೆ ಅವರು ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕುತ್ತಾರೆ, ರಬ್ಬರ್ ಮುಟ್ಟುವುದಿಲ್ಲ. ನಾನೂ ಹಾಗೇ ಮಾಡಿದೆ. ಪ್ರತಿ ಬರಹದ ಕೊನೆಯಲ್ಲಿ 'ತಿದ್ದುಪಡಿ' ಅಂತ ಒಂದು ಸಾಲು: ಯಾವ ದಿನ ತಿದ್ದಿದ್ದು, ಮೊದಲು ಏನಿತ್ತು, ಈಗ ಏನು. ಈ ಲೇಬಲ್‌ನಲ್ಲಿ ಈಗ ಮೂವತ್ತೆರಡು ಬರಹ ಇವೆ.

ಕೋಷ್ಟಕ ಫೋನಿನಲ್ಲಿ ಬಲಕ್ಕೆ ಹೊರಗೆ ಹೋಗುತ್ತಿತ್ತು. ಐದು ಕಾಲಂ ಇದ್ದದ್ದನ್ನು ಮೂರಕ್ಕೆ ಇಳಿಸಿದೆ, ಪುಸ್ತಕದಲ್ಲಿ ಇರುವಂತೆಯೇ. ಮಿಲಿಮೀಟರ್ ಮೊತ್ತವನ್ನು ತಿಂಗಳ ಕೊನೆಗೆ ಒಂದು ಸಾಲಿನಲ್ಲಿ ಕೊಟ್ಟೆ.

ಆಗಸ್ಟ್ 2018ರ ಪುಟ

ಈ ಪುಟವನ್ನು ಮುಂದೂಡುತ್ತಲೇ ಬಂದಿದ್ದೆ. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿದಾಗ ನಾವೂ ಮನೆ ಬಿಟ್ಟು ಕುಶಾಲನಗರದ ನೆಂಟರ ಮನೆಗೆ ಹೋಗಿದ್ದೆವು. ಪುಸ್ತಕ ಬೆಂಚಿನ ಮೇಲೇ ಉಳಿದಿತ್ತು. ಹಿಂದಿರುಗಿ ಬಂದಾಗ ರೈನ್ ಗೇಜ್ ಮಣ್ಣಿನಲ್ಲಿ ಮಗುಚಿ ಬಿದ್ದಿತ್ತು. ಆರು ದಿನಗಳ ಸಾಲುಗಳು ಪುಸ್ತಕದಲ್ಲಿ ಖಾಲಿ. ಮಾವ ಆಮೇಲೂ ಅವುಗಳಲ್ಲಿ ಏನೂ ಬರೆದಿಲ್ಲ.

ಕೋಷ್ಟಕ ತುಂಬುವಾಗ ಕೈ ತನ್ನಷ್ಟಕ್ಕೆ ಆ ಆರು ದಿನಕ್ಕೆ 0 ಹಾಕಿತು, ಖಾಲಿ ಬಿಟ್ಟರೆ ಮೊತ್ತ ಬರುವುದಿಲ್ಲವೇನೋ ಅಂತ. ಪ್ರಕಟಿಸಿದ ಮೇಲೆ ನೋಡಿದೆ. ಆಗಸ್ಟ್ 2018ರ ನಡುವೆ, ನಮ್ಮ ಊರಿನಲ್ಲಿ, ಸೊನ್ನೆ ಮಳೆ. ಆ ರಾತ್ರಿ ತಗಡಿನ ಮೇಲೆ ಬೀಳುತ್ತಿದ್ದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕೂಡಲೇ ಬರಹವನ್ನು ಹಿಂದಕ್ಕೆ ತೆಗೆದುಕೊಂಡೆ.

ಮಳೆ ಬರಲಿಲ್ಲ ಅನ್ನುವುದು ಬೇರೆ, ಅಳೆಯಲಾಗಲಿಲ್ಲ ಅನ್ನುವುದು ಬೇರೆ. ಈಗ ಆ ಆರು ದಿನಗಳ ಎದುರು ಒಂದೊಂದು ಅಡ್ಡಗೆರೆ ಇದೆ, ಷರಾದಲ್ಲಿ 'ಅಳೆದಿಲ್ಲ' ಅಂತ. ತಿಂಗಳ ಮೊತ್ತ ಕೊಟ್ಟಿಲ್ಲ, 'ಆರು ದಿನಗಳ ಲೆಕ್ಕವಿಲ್ಲದ ಮೊತ್ತ' ಅಂತಲೇ ಬರೆದು ಅಂಕಿ ಕೊಟ್ಟಿದ್ದೇನೆ. ಬೇರೆ ಕಡೆಯ ಅಂಕಿ ತಂದು ಅಲ್ಲಿ ಕೂರಿಸಬಹುದಿತ್ತು, ಮೈದುನ ಹಾಗೇ ಹೇಳಿದ್ದ. ನಮ್ಮಲ್ಲಿ ಎರಡು ಗುಡ್ಡದ ನಡುವೆ ಮಳೆ ಎಷ್ಟು ಬದಲಾಗುತ್ತದೆ ಅಂತ ಗೊತ್ತಿರುವ ನನಗೆ ಅದು ಒಪ್ಪಿಗೆಯಾಗಲಿಲ್ಲ. ಮಾವ ಆ ಪುಟ ನೋಡಿ ಏನೂ ಹೇಳಲಿಲ್ಲ. ಬೆರಳಿನಿಂದ ಸರಿಸಿ ಸರಿಸಿ ಎರಡು ಸಲ ನೋಡಿದರು.

ಸೆಪ್ಟೆಂಬರ್ ನಂತರ: ಉಳಿಸಿಕೊಳ್ಳುವ ಕೆಲಸ

ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಮಳೆ ಹಗುರಾಯಿತು, ಬ್ಲಾಗಿನ ಉತ್ಸಾಹವೂ ಸ್ವಲ್ಪ ಇಳಿಯಿತು. ಎರಡು ವಾರ ಏನೂ ಬರೆಯಲಿಲ್ಲ. ಆಗ ದಿನಾ ಬರೆಯುವ ನಿಯಮ ಬಿಟ್ಟೆ. ದಿನದ ಅಂಕಿ ಪುಸ್ತಕದಲ್ಲಿ, ಭಾನುವಾರ ಒಂದು ಬರಹ ಬ್ಲಾಗಿನಲ್ಲಿ, ತಿಂಗಳಿಗೊಂದು ಹಳೇ ಪುಟ. ಇದು ನಿಂತಿದೆ. ಹೊಸಬರು ದಿನಕ್ಕೊಂದು ಅಂತ ಹೊರಟು ತಿಂಗಳಲ್ಲಿ ನಿಲ್ಲಿಸುವುದಕ್ಕಿಂತ ತಮ್ಮ ಮನೆಯ ಕೆಲಸಕ್ಕೆ ಹೊಂದುವ ವಾರದ ಒಂದು ದಿನ ಹಿಡಿದುಕೊಳ್ಳುವುದು ಮೇಲು. ಕಾಫಿ ಕುಯ್ಲಿನಲ್ಲಿ ನನಗೆ ಭಾನುವಾರವೂ ಸಿಗುವುದಿಲ್ಲ, ಅದಕ್ಕೆ ಈಗಲೇ ನಾಲ್ಕು ಬರಹ ಬರೆದು ತಾರೀಕು ಹಾಕಿ ಇಟ್ಟಿದ್ದೇನೆ, ಆಯಾ ದಿನ ತಾವಾಗಿ ಹೊರಗೆ ಬರುತ್ತವೆ.

ಬ್ಯಾಕಪ್ ತಿಂಗಳ ಮೊದಲ ದಿನ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಿಂದ ಬರಹಗಳೆಲ್ಲ ಒಟ್ಟಿಗೆ ಇಳಿಯುತ್ತವೆ. ಆದರೆ ಆ ಫೈಲಿನಲ್ಲಿ ಚಿತ್ರಗಳ ವಿಳಾಸ ಇರುತ್ತದೆ, ಚಿತ್ರ ಇರುವುದಿಲ್ಲ. ಇದು ಗೊತ್ತಿಲ್ಲದೆ ಮೂರು ತಿಂಗಳು ನೆಮ್ಮದಿಯಾಗಿದ್ದೆ. ಈಗ ಚಿತ್ರಗಳ ಫೋಲ್ಡರನ್ನು ಬೇರೆ ನಕಲು ಮಾಡುತ್ತೇನೆ. ಒಂದು ಪೆನ್‌ಡ್ರೈವ್ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆಯ ಜೊತೆ ಬೀರುವಿನಲ್ಲಿ, ಇನ್ನೊಂದು ಮೈಸೂರಿನಲ್ಲಿ ಮೈದುನನ ಮನೆಯಲ್ಲಿ. ನಮ್ಮ ತೇವಕ್ಕೆ ಬೀರುವಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. 2018ರ ನಂತರ ಒಂದೇ ಮನೆಯಲ್ಲಿ ಎರಡು ನಕಲು ಇಟ್ಟರೆ ಅದು ಎರಡಲ್ಲ ಅಂತಲೂ ಗೊತ್ತಾಗಿದೆ.

ವಿಳಾಸದಲ್ಲಿ ಊರಿನ ಹೆಸರು ಯಾಕೆ ಬೇಡ ಅಂದೆ ಅಂದರೆ, ಕಾಫಿ. ಕಣದಲ್ಲಿ ಒಣಗುತ್ತಿರುವ ಕಾಫಿಯ ಫೋಟೋವನ್ನು ಅದೇ ದಿನ ಹಾಕುವುದು, ಇಲ್ಲಿದೆ ಬನ್ನಿ ಅಂತ ಕಳ್ಳರನ್ನು ಕರೆದಂತೆ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಜಾಗದ ಅಕ್ಷಾಂಶ ರೇಖಾಂಶವೂ ಸೇರಿರಬಹುದು. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿದ್ದೇನೆ. ಕುಯ್ಲಿನ ಚಿತ್ರಗಳು ಮಾಲು ಮಾರಾಟವಾದ ಮೇಲೆಯೇ. ಲೈನ್ ಮನೆಯಲ್ಲಿ ಇರುವ ತೋಟದ ಕೆಲಸದವರ ಚಿತ್ರ, ಹೆಸರು ಅವರನ್ನು ಕೇಳದೆ ಹಾಕುವುದಿಲ್ಲ.

ಸದ್ಯಕ್ಕೆ ಇಷ್ಟಾಗಿದೆ: 1992ರಿಂದ 2006ರವರೆಗಿನ ಪುಸ್ತಕಗಳು, 2018, ಈ ವರ್ಷ. ಹುಳು ತಿಂದ 1991 ಮೇಜಿನ ಮೇಲಿದೆ. ಜೂನ್ ತಿಂಗಳ ಅಂಚಿನಲ್ಲಿ ತಾರೀಕುಗಳು ಹೋಗಿವೆ, ಅಂಕಿಗಳು ಉಳಿದಿವೆ. ಯಾವ ಸಾಲು ಯಾವ ದಿನದ್ದು ಅಂತ ಷರಾ ನೋಡಿ ಮಾವ ನೆನಪಿಸಿಕೊಳ್ಳುತ್ತಿದ್ದಾರೆ. ನಿನ್ನೆ ಸಂಜೆ ಮೂರು ಸಾಲು ಆಯಿತು. ನಾಲ್ಕನೆಯದರಲ್ಲಿ 'ಹಸು ಕರು ಹಾಕಿತು' ಅಂತ ಇದೆ, ಅದು ಯಾವ ದಿನ ಅಂತ ಕೇಳಲು ನಾದಿನಿಗೆ ಫೋನ್ ಮಾಡಬೇಕು.